ಏನು ಹೇಳಿದರೂ ಸರಿ

ಮಾರ್ಚ್ 9, ಬೆಳಿಗ್ಗೆ

'ಹೂವು ಹೋದ ಮೇಲೂ ಕೋಣೆಯಲ್ಲಿ ಹೂವಿತ್ತು.' ಎಂ.ಎ. ಮಾಡುವಾಗ ಎಲ್ಲೋ ಓದಿದ ಸಾಲು. ಕೋಣೆಯೋ, ಅಂಗೈಯೋ? ನೆನಪಾಗುತ್ತಿಲ್ಲ. ಆದರೆ ಹೂವಿತ್ತು ಎಂದು ಹೇಳಿದ್ದು ಯಾರು? ಮೂಗು ತಾನೇ? ಅದೇ ಇಲ್ಲದಿದ್ದರೆ ಕೋಣೆ ಬರೀ ಕೋಣೆ.

ಕಾಫಿ ಕುಡಿದೆ. ಬಿಸಿ, ಕಹಿ. ಅಷ್ಟೇ. ಜ್ವರ ಬಿಟ್ಟು ಐದು ವಾರ. ವಾಸನೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರ್ ನಿನ್ನೆ. ಉಪ್ಪು, ಹುಳಿ, ಸಿಹಿ, ಕಹಿ ಇಷ್ಟು ನಾಲಿಗೆಯ ಪಾಲಿಗೆ. ಮಿಕ್ಕಿದ್ದೆಲ್ಲ ಮೂಗಿನ ಕೆಲಸವಂತೆ. ನಲವತ್ತೆಂಟು ವರ್ಷ ಅದನ್ನೆಲ್ಲ ನಾಲಿಗೆಯ ಲೆಕ್ಕಕ್ಕೇ ಹಾಕಿದ್ದೆ.

ಇವರಿಗೆ ಮಾತ್ರ ಹೇಳಿದೆ, ಈಗಷ್ಟೇ. ಮಗಳಿಗೂ ಬೇಡ, ನಿಮ್ಮ ತಂಗಿಗಂತೂ ಬೇಡವೇ ಬೇಡ ಎಂದೆ. "ಅಯ್ಯೋ ಪಾಪ" ಎಂದು ಎಲ್ಲರ ಕೈಲಿ ಅನ್ನಿಸಿಕೊಳ್ಳಲಾರೆ. ಕೈ ಹಿಡಿದುಕೊಂಡು "ನನ್ ಹತ್ರಾನೇ ಇರುತ್ತೆ ಬಿಡು" ಅಂದರು. ಹಗುರಾಯಿತು.

ಜೂನ್ 17

ನಾದಿನಿ ಮತ್ತು ಅವಳ ಗಂಡ — ಡೆಂಟಿಸ್ಟ್ — ಊಟಕ್ಕೆ ಬಂದಿದ್ದರು. "ಅತ್ತಿಗೆ, ಎಂಥಾ ಘಮ! ನಿಮ್ ಕೈಗೆ ದೃಷ್ಟಿ ತೆಗೀಬೇಕು." ಅಳತೆ ಚಮಚ ಹಿಡಿದು, ಹಳೆಯ ಅಂದಾಜಿನ ಮೇಲೆ ಮಾಡಿದ ಅಡುಗೆ. ಕೈ ಮರೆತಿಲ್ಲ ಹಾಗಾದರೆ... ರಾತ್ರಿಯವರೆಗೂ ಹಿಗ್ಗು.

ಎದುರು ಮನೆಯ ರಿಟೈರ್ಡ್ ಟೀಚರ್ ಮತ್ತೆ ಬೆಲ್ ಮಾಡಿದರು. ನಿನ್ನೆ ಪೆನ್ನು ಕೇಳಿದ್ದರು. ಇವತ್ತು ತಾರೀಕು! ಕ್ಯಾಲೆಂಡರ್ ಇಲ್ಲದ ಮನೆಯೇ? ಹೊಸ್ತಿಲಲ್ಲಿ ಒಂದು ಗಳಿಗೆ ಸುಮ್ಮನೆ ನಿಂತು ಹೋದರು. ಒಂಟಿ ಜೀವ, ಪಾಪ.

ಆಗಸ್ಟ್ 23, ಶನಿವಾರ

ನಾಳೆ ತಿನ್ನುವ ಭಾನುವಾರ. ವರ್ಷಕ್ಕೊಮ್ಮೆ, ಹದಿನೆಂಟು ವರ್ಷದಿಂದ. ನಗರದ ನಾಲ್ಕು ಮೂಲೆ, ನಾಲ್ಕು ಅಂಗಡಿ, ಐದು ಜನಕ್ಕೆ ಒಂದೇ ತಟ್ಟೆ. ಒಬ್ಬರು ಕಣ್ಣು ಮುಚ್ಚಿ ಒಂದು ಚಮಚ ತಿಂದು ಒಳಗೇನಿದೆ ಹೇಳಬೇಕು. ಎಲ್ಲರೂ ಸರದಿಯ ಮೇಲೆ ಎಂದು ಶುರುವಾದದ್ದು. ನಾನು ಒಮ್ಮೆಯೂ ತಪ್ಪಲಿಲ್ಲವೆಂದು ಚಮಚ ನನಗೇ ಖಾಯಂ ಆಯಿತು. 'ಮನೆಯ ನಾಲಿಗೆ' ಎಂದು ನಾದಿನಿಯೇ ಇಟ್ಟ ಬಿರುದು.

ಈ ಸಲ ತಲೆನೋವೆಂದು ತಪ್ಪಿಸಿಕೊಳ್ಳೋಣವೇ ಎಂದೆ ಇವರಿಗೆ. "ಏನೂ ಆಗಲ್ಲ, ಬಾ. ನಾನಿದೀನಲ್ಲ" ಅಂದರು.

ನಾಲ್ಕೂ ಅಂಗಡಿಗಳ ಮೆನು ಫೋನಿನಲ್ಲಿ ತೆಗೆದು ಬಾಯಿಪಾಠ ಮಾಡಿದೆ. ಪರೀಕ್ಷೆಗೆ ಚೀಟಿ ಒಯ್ಯುವವರಂತೆ. ನಾಚಿಕೆ. ಆದರೂ ಮಾಡಿದೆ.

ಆಗಸ್ಟ್ 24, ಭಾನುವಾರ, ಸಂಜೆ 6

ಬಂದವಳೇ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ. ಇವರು ಹಾಲ್‌ನಲ್ಲಿ ಟಿವಿಯ ಸದ್ದು ಏರಿಸಿ ಕೂತಿದ್ದಾರೆ.

ಮೊದಲು ಸ್ಟೇಷನ್ ಎದುರಿನ ಬೇಕರಿ. ಬಿಸಿ ಬ್ರೆಡ್ಡು. ಬೆಳ್ಳುಳ್ಳಿ ಎಂದೆ. ಮೆನುವಿನಲ್ಲಿತ್ತು. "ಕರೆಕ್ಟ್!" ಆಮೇಲೆ ಮಾರ್ಕೆಟ್ಟಿನ ಹಿಂದೆ ಕರಿದ ಮೀನು. ಹುಳಿ ತಿಳಿಯಿತು, ನಿಂಬೆ ಎಂದೆ. ಮತ್ತೆ ಚಪ್ಪಾಳೆ. ಮೀನಿನವನೂ ತಟ್ಟಿದ. ಅಲ್ಲಿಂದ ಬಸ್ಸು. ಕಿಟಕಿ ಪಕ್ಕ ನಾನು, ಭುಜಕ್ಕೆ ತಲೆಯಿಟ್ಟು ಮಗಳು. ನನಗೇ ನನ್ನ ಚೀಟಿ ಮರೆತುಹೋಗುವಷ್ಟು ಖುಷಿ.

ಮೂರನೆಯದು ಪಾರ್ಕಿನ ಮೂಲೆಯ ಐಸ್‌ಕ್ರೀಮ್. ಡೆಂಟಿಸ್ಟ್, "ತಿನ್ನಿ, ಎಲ್ರೂ ಚೆನ್ನಾಗಿ ತಿನ್ನಿ. ನನ್ ಕ್ಲಿನಿಕ್ಕೂ ನಡೀಬೇಕು" ಅಂದ. ಕಣ್ಣು ಮುಚ್ಚಿದೆ. ತಣ್ಣಗೆ, ಸಿಹಿ. ಮೆನುವಿನಲ್ಲಿ ಐದು ಬಗೆ ಇತ್ತು. ಕತ್ತಲಲ್ಲಿ ಕಲ್ಲು ಹೊಡೆದೆ — ಕಿತ್ತಳೆ.

"ವಾಹ್ ಅತ್ತಿಗೆ! ನಿಮ್ ನಾಲಿಗೆಗೆ ಇನ್ಶೂರೆನ್ಸ್ ಮಾಡಿಸ್ಬೇಕು!"

ಹೊರಡುವಾಗ ಬಾಗಿಲ ಪಕ್ಕದ ಕಪ್ಪು ಹಲಗೆ ಕಂಡಿತು. ಸೀಮೆಸುಣ್ಣದಲ್ಲಿ ಐದು ಹೆಸರು. ಕಿತ್ತಳೆಯ ಮೇಲೆ ಅಡ್ಡಗೆರೆ. ಪಕ್ಕದಲ್ಲಿ 'ಈ ವಾರ ಇಲ್ಲ'.

ಇಪ್ಪತ್ತು ವರ್ಷದಿಂದ ಪ್ರೂಫ್ ತಿದ್ದಿ ಬದುಕುವವಳು ನಾನು. ಒಂದು ಗೆರೆ ಎಲ್ಲಿದ್ದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ಹಿಂದೆ ಬರುತ್ತಿದ್ದ ನಾಲ್ವರಿಗೂ ಹಲಗೆ ಕಂಡಿರಲಿಲ್ಲ. ನಗುತ್ತಿದ್ದರು. ಗೊತ್ತಿಲ್ಲದೆ ಸರಿ ಅಂದರೇನೋ, ಅವರಿಗೂ ಗೊಂದಲವಾಗಿರಬಹುದು... ನಾನೇ ಅವರ ಪರ ವಾದ ಹೂಡಿದೆ.

ನಾಲ್ಕನೆಯದು ಹತ್ತನೇ ಮಹಡಿಯ ಹೋಟೆಲು. ಗಾಜಿನ ಆಚೆ ಇಡೀ ನಗರ. ಅಣಬೆಯ ಸೂಪು ಎಂದು ಓದಿಯೇ ಹೋಗಿದ್ದೆ. ಹಲ್ಲಿಗೆ ಚೂರು ಕೂಡ ಸಿಕ್ಕಿತು. ಕಣ್ಣು ಮುಚ್ಚಿಕೊಂಡೇ ಹೇಳಿದೆ, ನಿಧಾನವಾಗಿ:

"ಇದರಲ್ಲಿ... ಸ್ಟ್ರಾಬೆ—"

"ಕರೆಕ್ಟ್!" ಇವರ ದನಿ. ನನ್ನ ಮಾತು ಮುಗಿಯುವ ಮೊದಲೇ.

ಆಮೇಲೆ ನಾದಿನಿ, "ಹೂಂ ಅತ್ತಿಗೆ, ಇಲ್ಲಿನ ಅಡುಗೆಯವ್ರು ಏನೇನೋ ಹೊಸಾದು ಹಾಕ್ತಾರಂತೆ." ಡೆಂಟಿಸ್ಟ್ ಚಪ್ಪಾಳೆ ತಟ್ಟಿದ. ಒಬ್ಬನದೇ ಚಪ್ಪಾಳೆ.

ಕಣ್ಣು ಬಿಟ್ಟೆ. ಮಗಳು ಮಾತ್ರ ತಟ್ಟೆ ನೋಡುತ್ತಿದ್ದಳು. "ಅಮ್ಮ, ಸಾರಿ" ಅಂದಳು.

ಅವಳಿಗೂ.

ಆಗಸ್ಟ್ 25, ಬೆಳಿಗ್ಗೆ

ತಿಂಡಿಯ ಹೊತ್ತಿಗೆ ಇವರನ್ನು ಕೇಳಿದೆ.

"ಯಾವಾಗ ಹೇಳಿದ್ರಿ?"

"ಮಾರ್ಚಲ್ಲಿ."

"ಮಾರ್ಚಲ್ಲಿ ಯಾವಾಗ?"

"ಅವತ್ತೇ... ಸಂಜೆ." ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದರು, ಸವರಿದಲ್ಲೇ ಸವರುತ್ತ. "ನಿನಗೆ ಬೇಜಾರಾಗಬಾರ್ದು ಅಂತ. ನೀನು ಏನ್ ಹೇಳಿದ್ರೂ ಸರಿ ಅನ್ನಿ ಅಂತ ನಾನೇ ಅಂದಿದ್ದೆ. ತಪ್ಪೇನು ಅದ್ರಲ್ಲಿ?"

"ಅಡುಗೆ?"

"ಅಡುಗೆ ಏನು?"

"ಐದು ತಿಂಗಳಿಂದ ಚೆನ್ನಾಗಿದೆ ಚೆನ್ನಾಗಿದೆ ಅಂದ್ರಲ್ಲ, ಎಲ್ಲರೂ. ನಿಜ ಹೇಳಿ."

"ಒಂದೊಂದ್ಸಲ ಚೆನ್ನಾಗೇ ಇರ್ತಿತ್ತು."

ಒಂದೊಂದು ಸಲ! ಯಾವ ಸಲ? ಜೂನ್ 17ರ ಪುಟ ತೆರೆದು ನೋಡಿದೆ. ಹಿಗ್ಗು ಎಂದು ಬರೆದಿದ್ದೇನೆ. ಈಗ ಆ ಶಬ್ದಕ್ಕೆ ತಪ್ಪಿನ ಗುರುತು ಹಾಕಬೇಕೋ ಬಿಡಬೇಕೋ ತಿಳಿಯದು. ಮೂಗು ಹೋದಾಗ ರುಚಿ ಮಾತ್ರ ಹೋಗಿತ್ತು. ಈಗ ಹೊಗಳಿಕೆಯೂ ಹೋಯಿತು, ಹಿಂದಿನದೂ ಸೇರಿ. ನಾನೂ ಮೆನು ಉರು ಹೊಡೆದವಳೇ, ಗೊತ್ತು. ಆದರೆ ನನ್ನ ಗುಟ್ಟು ಒಬ್ಬರ ಕೈಲಿಟ್ಟಿದ್ದೆ. ಅವರು ಅದನ್ನು ತಟ್ಟೆಗೆ ಹಾಕಿ ಎಲ್ಲರಿಗೂ ಚಮಚ ಕೊಟ್ಟರು.

"ಇನ್ನು ಯಾರ್ಯಾರಿಗೆ?"

"ಇಷ್ಟೇ ಜನ. ಹೊರಗಿನ ಒಂದು ನರಪಿಳ್ಳೆಗೂ ಹೇಳಿಲ್ಲ, ನಿನ್ನಾಣೆ."

ಇದೊಂದನ್ನು ನಂಬುತ್ತೇನೆ. ಒಂದನ್ನಾದರೂ ನಂಬದೆ ಇದೇ ಮನೆಯಲ್ಲಿ ಹೇಗಿರಲಿ?

ಸೆಪ್ಟೆಂಬರ್ 2, ಮಧ್ಯಾಹ್ನ 12

ಎಂಟು ದಿನ. ಉಪ್ಪು ಜಾಸ್ತಿ, ಉಪ್ಪು ಕಮ್ಮಿ ಎಂದು ಈಗ ಸತ್ಯ ಹೇಳುತ್ತಿದ್ದಾರೆ, ಅಂಜುತ್ತ. ನಾನು ಹೂಂ ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಮಾತಿಲ್ಲ. ಆದರೂ ನಿನ್ನೆ ಅವರ ಲೋಟಕ್ಕೆ ಕಾಫಿ ನಾನೇ ಬಗ್ಗಿಸಿದೆ. ಆ ಆಣೆಯೊಂದು ಉಳಿದಿತ್ತು.

ಇವತ್ತು ಇವರು ಆಫೀಸಿಗೆ ಹೋದ ಮೇಲೆ ಹಾಲು ಒಲೆಯ ಮೇಲಿಟ್ಟು ಪ್ರೂಫ್ ಹಿಡಿದು ಕೂತೆ. ಅಡಿಟಿಪ್ಪಣಿಗಳೇ ತುಂಬಿದ ಪುಸ್ತಕ. ಹಾಲು ಮರೆತೆ. ಬೆಲ್ಲು — ಒಂದಲ್ಲ, ಬಿಡದೆ. ತೆರೆದರೆ ಟೀಚರ್, ಏದುಸಿರು ಬಿಡುತ್ತ. ನನ್ನನ್ನು ಪಕ್ಕಕ್ಕೆ ತಳ್ಳಿಕೊಂಡೇ ಒಳಗೆ ನುಗ್ಗಿದರು. ಹಾಲು ಉಕ್ಕಿ ಉರಿ ಆರಿತ್ತು. ಗ್ಯಾಸು ಹೋಗುತ್ತಲೇ ಇತ್ತು. ಒಲೆಯ ಗುಂಡಿ ತಿರುಪಿದರು, ಕಿಟಕಿಗಳನ್ನೆಲ್ಲ ತೆರೆದರು, ಲೈಟು ಮುಟ್ಟಬೇಡಿ ಎಂದು ಗದರಿದರು.

ನನಗೆ ಏನೂ ತಿಳಿದಿರಲಿಲ್ಲ. ಕೋಣೆ ಬರೀ ಕೋಣೆಯಾಗಿತ್ತು.

ನೀವು ಬರದೇ ಇದ್ದಿದ್ದರೆ, ಎಂದೆ. ಇವತ್ತೇನು ಕೇಳಲು ಬಂದಿದ್ದಿರಿ, ಪೆನ್ನೋ ತಾರೀಕೋ ಎಂದು ನಗಲೂ ನೋಡಿದೆ. ಅವರು ನಗಲಿಲ್ಲ. ಹೊಸ್ತಿಲವರೆಗೆ ಹೋಗಿ, ಬಾಗಿಲು ಹಿಡಿದು ತಿರುಗಿ ಹೇಳಿದರು:

"ಪೆನ್ನೂ ಇಲ್ಲ, ತಾರೀಕೂ ಇಲ್ಲ ಕಣಮ್ಮ. ಮಾರ್ಚಿಂದ ನಿಮ್ಮನೆ ಬಾಗಿಲಿಗೆ ನನ್ನದೇ ಮೂಗು. ನಿಮ್ಮೆಜಮಾನ್ರು ಕೈ ಮುಗಿದು ಕೇಳ್ಕೊಂಡಿದ್ರು, ಅವಳಿಗೆ ಮಾತ್ರ ಗೊತ್ತಾಗ್ಬಾರ್ದು ಅಂತ—"