ಅಪ್ಪ ಹೂಂ ಎಂದ ದಿನ

ಬಿ.ಟಿ.ಎಂ. ಬಡಾವಣೆ, ಬೆಂಗಳೂರು
೧೮ ಜುಲೈ ೧೯೯೯

ಪ್ರೀತಿಯ ಅಕ್ಕಾ,

ಗದಗ ಸಂಸ್ಥಾನದ ಮಹಾರಾಣಿ ಭಾಗ್ಯಜ್ಯೋತಿಯವರ ಪಾದಕ್ಕೆ ಬಿ.ಟಿ.ಎಂ. ಬಡಾವಣೆಯ ಸಮಸ್ತ ಪ್ರಜೆಗಳ ಪರವಾಗಿ ತಮ್ಮ ನಿಂಗರಾಜನ ಸಾಷ್ಟಾಂಗ. ಹೇಗಿದ್ದೀ? ವಾಂತಿ ನಿಂತಿತೇ? ಭಾವ ಹುಣಸೆಕಾಯಿ ತಂದುಕೊಡುತ್ತಾರೋ ಇಲ್ಲವೋ? ಇಲ್ಲವಾದರೆ ಒಂದು ಸಾಲು ಬರೆ, ಸಾಕು. ನಿನ್ನ ಮದುವೆಯಲ್ಲಿ ಅವರ ಚಪ್ಪಲಿಯನ್ನು ಸಾಂಬಾರಿನ ಕೊಳಗದ ಹಿಂದೆ ಅಡಗಿಸಿದ ಈ ಕೈ ಇನ್ನೂ ನಿವೃತ್ತಿ ಪಡೆದಿಲ್ಲ.

ನೀನು ಬಸುರಿ ಎಂಬ ಕಾಗದ ಮಂಗಳವಾರ ತಲುಪಿತು. ಅದರ ನಂತರ ನಡೆದದ್ದನ್ನು ಹೇಳಬೇಕಾದರೆ ಮೊದಲು ದೀಪಾವಳಿಯ ವಿಷಯ ಎತ್ತಬೇಕು. ಅವತ್ತು ನೀನು ಊಟದ ನಡುವೆ ಎರಡೂ ಕಿಡ್ನಿ ಕೆಟ್ಟ ಅಪ್ಪನಿಗೆ ನಿನ್ನದೊಂದನ್ನು ಕೊಡುವೆನೆಂದಾಗ ಅವರು ತಾಟು ಸರಿಸಿ ಎದ್ದರಲ್ಲ: "ಕೂಸು ಆಗೂತನಾ ಕೊಟ್ಟ ಮಗಳ ಮನ್ಯಾಗ ಗುಟುಕು ನೀರು ಕುಡಿಯಂಗಿಲ್ಲ ನಾನು. ಅಕಿ ಹೊಟ್ಟಿ ಕೊಯ್ಸಿ ತಗೋಬೇಕಂತ! ಬುದ್ಧಿ ಐತೇನ್ಲೇ ನಿಮಗ?" ನಮ್ಮ ಮನೆತನದ ಈ ಕಟ್ಟಳೆಯ ಮುಂದೆ ಜಯನಗರದ ಕಿಡ್ನಿ ಡಾಕ್ಟರ್ ಚೂಡಾಮಣಿಯವರ ವೈದ್ಯಶಾಸ್ತ್ರವೂ ಬಾಲ ಮುದುರಿತು. ನೀನು ಅಳುತ್ತಾ ಬಸ್ಸು ಹತ್ತಿದೆ.

ಅವ್ವನ ಕಿಡ್ನಿಯೂ ನನ್ನದೂ ಏಕೆ ಆಗದು ಎಂದು ನಿನಗೆ ಆಗ ಯಾರೂ ಬಿಡಿಸಿ ಹೇಳಲಿಲ್ಲ. ಡಾಕ್ಟರು ನನಗೆ ಹೇಳಿದ್ದು ಇಷ್ಟು. ನಮ್ಮ ಜೀವಕೋಶಗಳ ಮೈಮೇಲೆ ಸಕ್ಕರೆಯ ಸಣ್ಣ ಸರಗಳು ಜೋತುಬಿದ್ದಿರುತ್ತವೆ. ಮೈಯೊಳಗಿನ ಕಾವಲುಗಾರರು ಆ ಸರವನ್ನು ತಡವಿ ನೋಡಿ, ನಮ್ಮವನೇ ಎಂದರೆ ಸುಮ್ಮನಾಗುತ್ತಾರೆ, ಅಲ್ಲವೆಂದರೆ ಬಡಿಯುತ್ತಾರೆ. ಅವ್ವನದೂ ನನ್ನದೂ ಬಿ ಗುಂಪು. ನಮ್ಮ ಸರದ ತುದಿಗೆ ಒಂದೇ ಒಂದು ಸಕ್ಕರೆ ಹೆಚ್ಚು. ಓ ಗುಂಪಿನ ಅಪ್ಪನಿಗೆ ಅದಿಲ್ಲ. ಆ ಒಂದು ಕಣದ ಅಪರಾಧಕ್ಕೆ ಅಪ್ಪನ ಕಾವಲುಗಾರರು ನನ್ನ ಕಿಡ್ನಿಯನ್ನು ಹೊಸ್ತಿಲಲ್ಲೇ ಮುಗಿಸುತ್ತಾರಂತೆ. ಓ ಗುಂಪಿನವರು ಎಲ್ಲರಿಗೂ ಕೊಡಬಲ್ಲರು, ತಮ್ಮ ಗುಂಪಿನ ಹೊರಗೆ ಯಾರಿಂದಲೂ ಪಡೆಯಲಾರರು. ಆಫೀಸಿನಲ್ಲಿ ಎಲ್ಲರಿಗೂ ಚಹಾ ಕುಡಿಸಿ, ತಾನು ಯಾರ ಚಹಾವನ್ನೂ ಮುಟ್ಟದ ಮನುಷ್ಯನ ರಕ್ತ ಇನ್ನು ಹೇಗಿರಬೇಕು ಹೇಳು! ಮನೆಯಲ್ಲಿ ಓ ಗುಂಪಿನ ಇನ್ನೊಬ್ಬಳು ನೀನೇ. (ಮಾಲೀಕರ ಮನೆಯ ಮುನಿವೆಂಕಟಮ್ಮ ಆಂಟಿ ಇದನ್ನೆಲ್ಲ ಕೇಳಿ, "ಸಕ್ಕರೇನಾ? ಹಂಗಾದ್ರೆ ದಿನಾ ಹಾಗಲಕಾಯಿ ಜ್ಯೂಸ್ ಕುಡಿಸ್ರೋ, ಸರಿಹೋಗುತ್ತೆ" ಎಂದು ತೀರ್ಪು ಕೊಟ್ಟರು. ನಾನು ಕೈಮುಗಿದು ಸ್ವೀಕರಿಸಿದೆ.)

ಇನ್ನು ಮಂಗಳವಾರ. ಅವ್ವ ನಿನ್ನ ಕಾಗದ ಓದಿದಳು. ಡಯಾಲಿಸಿಸ್ ಮುಗಿಸಿ ಬಂದು ಗೋಡೆಗೆ ಮುಖ ಮಾಡಿ ಮಲಗಿದ್ದ ಅಪ್ಪ ತಿರುಗಿದರು. ಇನ್ನೊಮ್ಮೆ ಓದಿಸಿದರು. ಆಮೇಲೆ ಎದ್ದು ಕೂತು, "ಇನ್ನೇನು ಅಡ್ಡಿಲ್ಲ ಬಿಡು. ಮೊಮ್ಮಗು ಬಂತಂದ್ರ ಮಗಳ ಮನಿ ನಮ್ಮನೀನ. ತಗೋತೀನಲೇ ನಿಂಗಾ. ಹೋಗು, ಆ ಡಾಕ್ಟರಮ್ಮಗ ಹೇಳು" ಎಂದರು. ಅಕ್ಕಾ, ಆ ಮುಖ ನೀನು ನೋಡಬೇಕಿತ್ತು. ನಾನು ಮಡಿವಾಳದಲ್ಲಿ ಪೇಡೆ ಕಟ್ಟಿಸಿಕೊಂಡು ಜಯನಗರಕ್ಕೆ ಓಡಿದೆ. ಆಸ್ಪತ್ರೆಯ ಬಾಗಿಲಲ್ಲಿ ನಿಂತು, ರಾಜದೂತನ ಧಾಟಿಯಲ್ಲಿ ಘೋಷಿಸಲು ಒಂದು ಭಾಷಣವನ್ನೂ ಸಿದ್ಧಮಾಡಿಕೊಂಡೆ.

ಡಾಕ್ಟರು ಪೇಡೆ ಬಾಯಿಗಿಡುವ ಮೊದಲೇ ನಿಲ್ಲಿಸಿದರು. "ಅಕ್ಕ ಪ್ರೆಗ್ನೆಂಟಾ? ಹಾಗಾದ್ರೆ ಆಗಲ್ಲಪ್ಪ. ಹೆರಿಗೆ ಆಗಿ, ಅವರು ಪೂರ್ತಿ ಚೇತರಿಸ್ಕೊಳ್ಳೋ ತನಕ ಆ ಮಾತೇ ಇಲ್ಲ." ನಾನು ವಾದ ಮಾಡಿದೆ. ಅರ್ಧ ಪಾಲು ಭಾವನದೇ ಆದ ಆ ಕೂಸನ್ನು ಅಕ್ಕನ ಮೈ ಹೊರಗೆ ಹಾಕುವುದಿಲ್ಲ, ಅಪ್ಪನ ಮೈ ಮಾತ್ರ ಸ್ವಂತ ಮಗನನ್ನು ಯಾಕೆ ಬಡಿಯಬೇಕು ಎಂದು ಕೇಳಿದೆ. ಅವರು ಬೈಯಲಿಲ್ಲ. "ಬಸುರಲ್ಲಿ ಕಾವಲುಗಾರರು ಸುಮ್ಮನಿರ್ತಾರೆ. ಅವರನ್ನ ಸುಮ್ಮನಿರಿಸೋದ್ರಲ್ಲೂ ಸಕ್ಕರೆಗಳ ಕೈ ಇರಬಹುದು ಅಂತ ಹುಡುಕ್ತಿದಾರೆ. ಪೂರ್ತಿ ಗೊತ್ತಿಲ್ಲ ನಮಗೆ" ಎಂದರು. ಅಂಥದೇ ಸಕ್ಕರೆ ಗದಗಿನಲ್ಲಿ ಕೂಸನ್ನು ಕಾಯುತ್ತಿರಬಹುದು, ಇಲ್ಲಿ ನನ್ನನ್ನು ಅಪ್ಪನ ಹೊರಗೆ ನಿಲ್ಲಿಸಿದೆ. ನನಗೆ ಒಂದೂ ಕುಚೇಷ್ಟೆ ಹೊಳೆಯಲಿಲ್ಲ. ಪೇಡೆಯನ್ನು ನರ್ಸ್‌ಗಳಿಗೆ ಕೊಟ್ಟು ನಡೆದೇ ಬಂದೆ.

ಮನೆಯಲ್ಲಿ ಅಪ್ಪ ಗಡ್ಡ ಬೋಳಿಸಿ, ವಿಭೂತಿ ಹಚ್ಚಿಕೊಂಡು ಬಾಗಿಲಲ್ಲೇ ಕುರ್ಚಿ ಹಾಕಿ ಕೂತಿದ್ದರು. "ಏನಂದ್ರಲೇ?" ಹೆರಿಗೆ ಆದ ಮೇಲೆ ಎಂದಿದ್ದಾರೆ ಎಂದೆ. "ಹೌದಲ್ಲ, ಈಗ ಹೆಂಗಾಕ್ಕೈತಿ, ಕಾಯೋಣು" ಎಂದು ನಕ್ಕರು. ಅವ್ವ ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿ ನಿಂತಿದ್ದಳು. ಕೊಡ ತುಂಬಿ ಹರಿಯುತ್ತಿತ್ತು, ಅವಳು ಮುಚ್ಚಲಿಲ್ಲ.

ಭಾವನಿಗೆ ನಮಸ್ಕಾರ ಹೇಳು. ಒಳಗಿರುವ ಚಿಕ್ಕ ಸಾಹೇಬರಿಗೆ ಸೋದರಮಾವನ ಗಂಭೀರವಾದ ಸಲಾಮು. ಭಾರ ಎತ್ತಬೇಡ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತುಂಟ
ನಿಂಗರಾಜ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಅಪ್ಪನ ಹೃದಯವೂ ಸೋತಿದೆ, ನಿನ್ನ ಹೆರಿಗೆಯವರೆಗೆ ತಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಅವ್ವನಿಗೆ ಗೊತ್ತು. ಅಪ್ಪನಿಗೆ ಹೇಳಿಲ್ಲ. ನಿನ್ನ ಹಟ ನಾನು ಬಲ್ಲೆ, ಅದಕ್ಕೇ ಹೇಳುತ್ತಿದ್ದೇನೆ: ಕೂಸನ್ನು ತೆಗೆಸುವ ಯೋಚನೆಯನ್ನು ತಪ್ಪಿಯೂ ಮಾಡಬೇಡ. ಹಾಗೆ ಬಂದ ಕಿಡ್ನಿಯನ್ನು ಅಪ್ಪ ಸತ್ತರೂ ತೆಗೆದುಕೊಳ್ಳುವುದಿಲ್ಲ. ಒಂದು ಉಪಕಾರ ಮಾಡು. ಬಾಣಂತನ ಮುಗಿಸಿ ಬರುತ್ತೇನೆ, ಆಪರೇಷನ್ ಮಾಡಿಸೋಣ, ಗಟ್ಟಿಯಾಗಿರು ಎಂದು ಅಪ್ಪನ ಹೆಸರಿಗೆ ಒಂದು ಕಾಗದ ಹಾಕು. ನಂಬುವ ಹಾಗೆ ಬರೆ. ನಾನೇ ಬರೆದುಬಿಡುತ್ತಿದ್ದೆ, ನನ್ನ ಅಕ್ಷರ ಅಪ್ಪನಿಗೆ ಗೊತ್ತು.