ಮೂರನೇ ಟ್ಯೂಬಿನ ಬಣ್ಣ

ಫೆಬ್ರವರಿ 3, ಸಂಜೆ

ರೆಕಾರ್ಡ್ ಪುಸ್ತಕ ತಿದ್ದುವುದು ಈಗ ಮುಗಿಯಿತು. ಮೂವತ್ತೆರಡು. ಎಲ್ಲರದ್ದೂ ಒಂದೇ ರಾಗ. ಒಂದನೇ ಟ್ಯೂಬು — ಅಯೋಡಿನ್ ಹಾಕಿದರೆ ಕಡುನೀಲಿ, ಪಿಷ್ಟ ಇದೆ. ಎರಡನೇದು — ಬಿಸಿ ಮಾಡಿದರೆ ಇಟ್ಟಿಗೆ ಕೆಂಪು, ಸಕ್ಕರೆ ಇದೆ. ಮೂರನೇದು — ಹನಿಸಿದ ರಾಸಾಯನಿಕದ ತಿಳಿನೀಲಿ ಹೋಗಿ ನೇರಳೆ, ಪ್ರೊಟೀನ್ ಇದೆ. ಓದಿ ಓದಿ ತಲೆ ಚಿಟ್ಟು ಹಿಡಿಯಿತು.

ಕಿಟಕಿ ಪಕ್ಕ ಕೂರುವ ಹುಡುಗಿ ಮಾತ್ರ ಮೂರನೇದಕ್ಕೆ "ತಿಳಿನೀಲಿಯೇ ಉಳಿಯಿತು. ಎರಡು ಸಲ ಮಾಡಿದೆ. ಪ್ರೊಟೀನ್ ಇಲ್ಲ" ಎಂದು ಬರೆದಿದ್ದಾಳೆ. ಲ್ಯಾಬಿನಲ್ಲೇ ಕೇಳಿದ್ದಳು.

"ಮಿಸ್, ಬಣ್ಣ ಬದಲಾಗ್ತಾನೇ ಇಲ್ಲ. ಅಲ್ಲಾಡಿಸಿದ್ರೆ ನೊರೆನೂ ಬರ್ತಿಲ್ಲ."

"ಎಲ್ರಿಗೂ ಬಂದಿದ್ದು ನಿನಗೊಬ್ಳಿಗೇ ಬರ್ಲಿಲ್ಲ ಅಂದ್ರೆ, ಒಂದೋ ಕೈ ಸರಿಯಿಲ್ಲ, ಇಲ್ಲಾ ಕಣ್ಣು ಸರಿಯಿಲ್ಲ."

ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಈಗ ಸೊನ್ನೆ ಹಾಕಿ, ಪಕ್ಕದಲ್ಲಿ ಕೆಂಪು ಇಂಕಿನಲ್ಲಿ "ಗಮನವಿಟ್ಟು ನೋಡು" ಎಂದು ಬರೆದೆ.

ಫೆಬ್ರವರಿ 5, ಮಧ್ಯಾಹ್ನ, ಸ್ಟಾಫ್ ರೂಮು

ಲ್ಯಾಬ್ ಅಟೆಂಡರ್ ಒಂದು ಡಬ್ಬಿ ಹಿಡಿದು ಬಂದರು. ಮೊಟ್ಟೆಯ ಬಿಳಿಭಾಗದ ಪುಡಿ. ಮೂರನೇ ಟ್ಯೂಬಿಗೆ ಬೇಕಾದ ಪ್ರೊಟೀನ್ ಅದೇ.

"ಮೇಡಂ, ಸ್ಟಾಕ್ ಬುಕ್ ಬರೀತಿದ್ದೆ. ಇದರ ಸೀಲೇ ಒಡೆದಿಲ್ವಲ್ಲ. ಹಳೇ ಡಬ್ಬಿ ಹೋದ ತಿಂಗಳೇ ಖಾಲಿ. ಪ್ರಾಕ್ಟಿಕಲ್‌ಗೆ ಏನ್ ಬಳಸಿದ್ರಿ ಅಂತ ಬರೀಲಿ?"

ದ್ರಾವಣ ಮಾಡಿದ್ದು ನಾನೇ. ಮೊದಲು ಮೂರು ಬಾಟಲಿಗೂ ಲೇಬಲ್ ಅಂಟಿಸಿ ನೀರು ತುಂಬಿದೆ. ಪಿಷ್ಟ ಹಾಕಿದೆ, ಗ್ಲೂಕೋಸ್ ಹಾಕಿದೆ. ಅಷ್ಟರಲ್ಲಿ ಅಮ್ಮನ ಫೋನು — ಕನ್ನಡಕ ಎಲ್ಲಿಟ್ಟಿದ್ದೇನೆ ಅಂತ. (ಅವರ ತಲೆಯ ಮೇಲೇ ಇತ್ತಂತೆ.) ತಿರುಗಿ ಬಂದು ನೋಡಿದರೆ ಮೂರಕ್ಕೂ ಲೇಬಲ್ ಇದೆ. ಮುಚ್ಚಳ ಹಾಕಿಟ್ಟುಬಿಟ್ಟೆ.

ಪ್ರತಿ ವರ್ಷ ಮಕ್ಕಳಿಗೆ ಕೊಡುವ ಮೊದಲು ನಾನೊಮ್ಮೆ ಪರೀಕ್ಷಿಸುತ್ತಿದ್ದೆ. ಈ ಸಲ ಇಲ್ಲ. ಇಪ್ಪತ್ತೆರಡು ವರ್ಷದ ಸರ್ವಿಸು, ನನಗೇನಾಗುತ್ತದೆ ಅನ್ನುವ ಕೊಬ್ಬು.

"ಅದನ್ನೇ ಬಳಸಿದೆ ಅಂತ ಬರೀರಿ" ಅಂದೆ.

ಅವರು ಡಬ್ಬಿ ನೋಡಿದರು. ನನ್ನನ್ನು ನೋಡಿದರು. ಹಾಗೇ ಬರೆದರು.

ಬರೀ ನೀರಿನಲ್ಲಿ ನೇರಳೆ ಕಂಡವರು ಮೂವತ್ತೊಂದು ಮಂದಿ... ಯಾವುದಕ್ಕೆ ಯಾವ ಬಣ್ಣ ಬರಬೇಕು ಅಂತ ಹಿಂದಿನ ದಿನ ಬೋರ್ಡಿನ ಮೇಲೆ ಬರೆಸಿದವಳೂ ನಾನೇ.

ಫೆಬ್ರವರಿ 6

ಹೇಳಲಿಲ್ಲ.

ಫೆಬ್ರವರಿ 9, ಸಂಜೆ

ಆ ಹುಡುಗಿಗೆ "ನೀಲಿ" ಅಂತ ಹೆಸರಿಟ್ಟಿದ್ದಾರೆ. ಇವತ್ತು ಮೆಟ್ಟಿಲ ಹತ್ತಿರ ಒಬ್ಬಳು, "ಏ ನೀಲಿ, ಕಣ್ ಟೆಸ್ಟ್ ಮಾಡಿಸ್ಕೊಂಡ್ಯಾ?" ಅಂದಳು. ಇವಳು ತಲೆ ತಗ್ಗಿಸಿ ದಾಟಿಹೋದಳು. ನಾನು ಹಾಜರಿ ಪುಸ್ತಕ ತಿರುವುತ್ತಾ, ಕೇಳಿಸದವಳ ಹಾಗೆ ನಿಂತಿದ್ದೆ. ನಾಚಿಕೆಗೇಡು.

ಮನೆಯಲ್ಲಿ ಇವರಿಗೆ ಎಲ್ಲ ಹೇಳಿದೆ.

"ತಪ್ಪಾಯ್ತು ಅಂದ್ಬಿಡು. ಎರಡು ನಿಮಿಷದ ಕೆಲ್ಸ."

"ಅಷ್ಟೂ ಮಕ್ಕಳೆದುರಿಗಾ?"

"ಅವಳನ್ನ ಬೈದಿದ್ದು ಯಾರೆದುರಿಗೆ?"

ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಫೆಬ್ರವರಿ 16

ಉಪಾಯ ಹೊಳೆದಿದೆ. ನಾಡಿದ್ದು ಅದೇ ಪ್ರಯೋಗ ಇನ್ನೊಮ್ಮೆ — ರಿವಿಷನ್ ಅಂತ ಹೇಳಿದರಾಯಿತು. ಮೂರನೇ ಟ್ಯೂಬಿಗೆ ಬೇಕೆಂದೇ ಬರೀ ನೀರು. ಅವಳು ನೀಲಿ ಅಂತಲೇ ಬರೆಯುತ್ತಾಳೆ. "ನೋಡ್ರೋ, ಇವಳೊಬ್ಬಳೇ ಸರಿ" ಅಂತ ಎಲ್ಲರೆದುರು ಹೊಗಳಿ ಪೂರ್ತಿ ಅಂಕ ಕೊಟ್ಟರೆ ಅವಳ ಲೆಕ್ಕ ಚುಕ್ತಾ. ನನ್ನ ಮಾನವೂ ಉಳಿಯುತ್ತದೆ. ಹಳೆಯದನ್ನು ಯಾರೂ ಕೆದಕುವುದಿಲ್ಲ.

ಎಷ್ಟೋ ದಿನದ ಮೇಲೆ ಇವತ್ತು ಸರಿಯಾಗಿ ಊಟ ಸೇರಿತು.

ಫೆಬ್ರವರಿ 18, ಸಂಜೆ 5

ರಿವಿಷನ್ ಪ್ರಯೋಗ ಮುಗಿಯಿತು.

ಅವಳು ಟ್ಯೂಬು ಅಲ್ಲಾಡಿಸಿದಳು. ಕಿಟಕಿಯ ಬೆಳಕಿಗೆ ಹಿಡಿದಳು. ಇನ್ನೆರಡು ಹನಿ ಹಾಕಿ ಕಾದಳು. ಪಕ್ಕದವಳ ಪುಸ್ತಕದತ್ತ ಒಮ್ಮೆ ಕಣ್ಣು ಹಾಯಿಸಿದಳು. ಆಮೇಲೆ ಪೆನ್ನು ತೆಗೆದು, ಒಂದಿಷ್ಟೂ ತಡೆಯದೆ ಬರೆದಳು. ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ.

"ನೇರಳೆ ಬಣ್ಣ ಬಂತು. ಪ್ರೊಟೀನ್ ಇದೆ."

"ಸರಿಯಾಗಿ ನೋಡ್ದ್ಯಾ ಮಗಾ?"

"ನೋಡ್ದೆ ಮಿಸ್. ಈ ಸಲ ಗಮನ ಇಟ್ಟು ನೋಡ್ದೆ."

ಸ್ಟ್ಯಾಂಡಿನಲ್ಲಿ ಅವಳ ಟ್ಯೂಬು ನಮ್ಮಿಬ್ಬರ ನಡುವೆಯೇ ಇತ್ತು. ತಿಳಿನೀಲಿ. ಅವಳು ಅದರತ್ತ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ಈಗಲಾದರೂ ಸರಿ ಅನ್ನುತ್ತಾರಾ ಅಂತ.

ಮೂವತ್ತೆರಡೂ ನೇರಳೆ. ಆವತ್ತು ಒಬ್ಬಳಾದರೂ ಉಳಿದಿದ್ದಳು. ನಾನು ಬಾಯಿ ಬಿಡದೆ ಕಳೆದ ಈ ಹದಿಮೂರು ದಿನದಲ್ಲಿ ಅವಳನ್ನೂ ಕೆಡಿಸಿದೆ.

ಫೆಬ್ರವರಿ 19, ಬೆಳಿಗ್ಗೆ 9.50, ಸ್ಟಾಫ್ ರೂಮು

ಮೊದಲ ಪೀರಿಯಡ್ ಆ ಮಕ್ಕಳದ್ದೇ. ಬೆಲ್ಲಿಗೆ ಹತ್ತು ನಿಮಿಷ. ಅಟೆಂಡರ್ ಹತ್ತಿರ ಡಬ್ಬಿ ಕೇಳಿದೆ. ಸ್ಟಾಕ್ ಬುಕ್ಕನ್ನೂ ತರಲು ಹೇಳಿದೆ, ನನ್ನ ಸುಳ್ಳು ಹೊಡೆದುಹಾಕಿ ಸಹಿ ಮಾಡಿದೆ. "ಸೀಲ್ ಒಡೀಲಾ ಮೇಡಂ?" ಅಂದರು. ಬೇಡ, ಹಾಗೇ ಇರಲಿ, ಮಕ್ಕಳು ನೋಡಬೇಕು ಅಂದೆ.

ಅಲ್ಲಿ ನಿಂತಾಗ ನಾಲಿಗೆ ಹೊರಳಲಿಕ್ಕಿಲ್ಲ. ಏನು ಹೇಳಬೇಕು ಅಂತ ಇಲ್ಲೇ ಬರೆದುಕೊಂಡು ಹೋಗುತ್ತೇನೆ.

ಮಕ್ಕಳೇ, ಮೂರನೇ ಟ್ಯೂಬಿನಲ್ಲಿ ಇದ್ದದ್ದು ಬರೀ ನೀರು. ಆವತ್ತು ಮರೆತೆ, ನಿನ್ನೆ ಬೇಕೆಂದೇ ಮಾಡಿದೆ. ಕಂಡದ್ದನ್ನು ಕಂಡ ಹಾಗೆ ಬರೆದವಳು ನಿಮ್ಮಲ್ಲಿ ಒಬ್ಬಳೇ ಇದ್ದಳು. ಅವಳನ್ನು ನಾನು —