ಹೊರಡುವವನಿಗೊಂದು ಗುಟುಕು

ಎಚ್.ಎಂ.ಎಸ್. ಪೆಂಡ್ರಾಗನ್
ಗ್ರ್ಯಾಂಡ್ ಹಾರ್ಬರ್, ಮಾಲ್ಟಾ
16 ನವೆಂಬರ್ 1947, ಭಾನುವಾರ

ಪ್ರೀತಿಯ ತಂಗಿ ಆಲಿವ್,

ಈ ಕಾಗದವನ್ನು ಡೆಂಜಿಲ್ ಮಲಗಿರುವ ಕೋಣೆಯಲ್ಲಿ ಓದಬೇಡ. ಅಡುಗೆಮನೆಗೆ ಹೋಗು, ಬಾಗಿಲು ಹಾಕಿಕೋ, ಕುರ್ಚಿ ಎಳೆದುಕೊಂಡು ಕೂತು ಓದು. ಓದಿ ಮುಗಿಸುವಷ್ಟರಲ್ಲಿ ನಿನಗೊಬ್ಬ ಅಣ್ಣ ಉಳಿದಿರುತ್ತಾನೋ ಇಲ್ಲವೋ ಗೊತ್ತಿಲ್ಲ. ಮಗನಂತೂ ಉಳಿದಿರುತ್ತಾನೆ. ಅಷ್ಟು ಸಾಕು ನನಗೆ.

ನಿನ್ನ ಕಾಗದ ಶುಕ್ರವಾರ ಸಿಕ್ಕಿತು. ಸೆಪ್ಟೆಂಬರಿನಿಂದ ಹುಡುಗ ಹಾಸಿಗೆ ಬಿಟ್ಟು ಎದ್ದಿಲ್ಲವಂತೆ. ಎಂಟು ವರ್ಷದ ಮಗನನ್ನು ನೀನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿಸುತ್ತೀಯಂತೆ. ಚೆಂಡು ಮುಟ್ಟಬಾರದು, ಓಡಬಾರದು, ಜೋರಾಗಿ ನಗಲೂ ಬಾರದು. ಗಂಟಲುಬೇನೆ, ಕಾಲುನೋವು ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು, "ಇವನಪ್ಪ ಮೂವತ್ನಾಲ್ಕಕ್ಕೇ ಎದೆ ನಿಂತು ಹೋಗ್ಬಿಟ್ರು" ಎಂದೆಯಂತೆ; ಅಲ್ಲಿಂದಾಚೆಗೆ ಡಾಕ್ಟರ ಮುಖವೇ ಬದಲಾಯಿತು ಎಂದು ಬರೆದಿದ್ದೀಯ. ಡಿಸೆಂಬರ್ ಒಂದಕ್ಕೆ ಅವನನ್ನು ಎಕ್ಸೆಟರಿನ ಆಸ್ಪತ್ರೆಯೊಂದಕ್ಕೆ ಸೇರಿಸಬೇಕು. ಆರು ತಿಂಗಳು ಅಂಗಾತ ಮಲಗಿರಬೇಕು. ತಾಯಿ ತಿಂಗಳಿಗೊಮ್ಮೆ ಬಂದು ನೋಡಿಕೊಂಡು ಹೋಗಬಹುದು.

ಕೊನೆಗೆ ನನ್ನನ್ನು ಕೇಳಿದ್ದೀಯ: ರೂಬೆನ್‌ಗೆ ಎದೆನೋವು ಯಾವಾಗ ಶುರುವಾಯಿತು, ಎಡಕ್ಕೋ ಬಲಕ್ಕೋ, ಏಣಿ ಹತ್ತಿದರೆ ಏದುಸಿರು ಬರುತ್ತಿತ್ತೋ, ಒಂದೊಂದನ್ನೂ ಬರೆ ಅಣ್ಣಾ, ಡಾಕ್ಟರು ಕೇಳುತ್ತಿದ್ದಾರೆ ಎಂದು.

ಬರೆಯುತ್ತೇನೆ. ರೂಬೆನ್‌ಗೆ ಎದೆನೋವು ಇರಲಿಲ್ಲ. ಯಾವತ್ತೂ ಇರಲಿಲ್ಲ. ಆ ಎದೆನೋವನ್ನು ಹುಟ್ಟಿಸಿದವನು ನಾನು.

ಆಲಿವ್, ಕುರ್ಚಿಯಿಂದ ಏಳಬೇಡ. ಪೂರ್ತಿ ಓದು.

ಯುದ್ಧ ಮುಗಿದ ಮೇಲೆ ನಮ್ಮ ಹಡಗಿಗೆ ಏನು ಕೆಲಸ ಉಳಿಯಿತು ಎಂಬುದು ನಿನಗೆ ಗೊತ್ತು. ಅರ್ಧಕ್ಕರ್ಧ ಜನ ಮನೆಗೆ ಹೋದರು. ಉಳಿದವರು ಹಿತ್ತಾಳೆ ಉಜ್ಜಿಕೊಂಡು, ಬಣ್ಣ ಬಳಿದುಕೊಂಡು ಬಂದರಿನಿಂದ ಬಂದರಿಗೆ ಸುತ್ತಿದೆವು. ಜರ್ಮನರ ಮೇಲೆ ಹಾರಿಸಿದ ಆ ದೊಡ್ಡ ಫಿರಂಗಿಗಳ ಗೋಪುರದೊಳಗೆ ಈಗ ಊರ ಹೆಂಗಸರು ಮಕ್ಕಳು ಬಂದು ಇಣುಕಿ, ಮಿಠಾಯಿ ಕಾಗದ ಬಿಸಾಡಿ ಹೋಗುತ್ತಾರೆ. ಗವರ್ನರು ಬಂದರೆ ಹದಿನೇಳು ತೋಪಿನ ಸಲಾಮು, ರಾಜನ ಹುಟ್ಟುಹಬ್ಬಕ್ಕೆ ಇಪ್ಪತ್ತೊಂದು. ಫ್ರೀಟೌನ್, ಕೇಪ್‌ಟೌನ್, ಮತ್ತೆ ಫ್ರೀಟೌನ್. ಕೆಳಗೆ ಬಾಯ್ಲರ್ ಕೋಣೆಯಲ್ಲಿರುವ ನಮಗೆ ಯಾವ ಊರಾದರೇನು? ಹತ್ತು ಜನ ಮಾಡುವ ಕೆಲಸವನ್ನು ಐದು ಜನ ಮಾಡಿಕೊಂಡು, ಬೆವರು ಸುರಿಸಿಕೊಂಡು, ಬೈದುಕೊಂಡು ದಿನ ದೂಡಿದೆವು.

ನಿನ್ನ ಗಂಡನ ಎದೆ ಹೇಗಿತ್ತು ಎಂದು ಡಾಕ್ಟರು ಕೇಳಿದ್ದಾರಲ್ಲ, ಇದನ್ನು ಓದಿ ಹೇಳು. ಮೇ ತಿಂಗಳು ಕೇಪ್‌ಟೌನಿನಲ್ಲಿ ಹಡಗಿನ ಮೇಲೆ ಮಕ್ಕಳಿಗೆ ಔತಣವಿತ್ತು. ಅನಾಥಾಲಯದ ನೂರಿಪ್ಪತ್ತು ಮಕ್ಕಳು. ರೂಬೆನ್ ಮುಖಕ್ಕೆ ಮಸಿ ಬಳಿದುಕೊಂಡು ಕಡಲುಗಳ್ಳನ ವೇಷ ಹಾಕಿದ. ಮಧ್ಯಾಹ್ನ ಎರಡರಿಂದ ಸಂಜೆ ಆರರವರೆಗೆ ಒಬ್ಬೊಬ್ಬರನ್ನೇ ಹೆಗಲ ಮೇಲೆ ಕೂರಿಸಿಕೊಂಡು ಡೆಕ್ಕಿನ ಆ ತುದಿಯಿಂದ ಈ ತುದಿಗೆ ಓಡಿದ. ನಾನು ನಾಲ್ಕು ಮಕ್ಕಳಿಗೇ ಸುಸ್ತಾಗಿ ಕೂತುಬಿಟ್ಟೆ. "ಏನ್ ಭಾವ, ಇಷ್ಟಕ್ಕೇ ಕುಸಿದ್ರಾ? ಮನೇಗ್ ಹೋಗಿ ಹೆಣಿಗೆ ಹಾಕ್ತಾ ಕೂತ್ಕೊಳಿ" ಎಂದು ಹಂಗಿಸಿ, ಇನ್ನೊಂದು ಮಗುವನ್ನು ಎತ್ತಿಕೊಂಡು ಓಡಿದ. ರಾತ್ರಿ ಪಾಳಿಗೂ ಇಳಿದ. ಕುದಿಯುವಂಥ ಸೆಕೆಯಲ್ಲಿ ನಾಲ್ಕು ಗಂಟೆ ನಿಂತು, ಮೇಲೆ ಹತ್ತಿ ಬಂದು, ಎರಡು ತಟ್ಟೆ ಆಲೂಗಡ್ಡೆ ತಿಂದು ಮಲಗಿದ. ಇಂಥ ಎದೆ ಇಡೀ ಹಡಗಿನಲ್ಲಿ ಇನ್ನೊಂದಿರಲಿಲ್ಲ.

ಇನ್ನು ಆ ದಿನದ ವಿಷಯ. ಜೂನ್ ಹನ್ನೆರಡು, ಗುರುವಾರ. ಫ್ರೀಟೌನ್ ಬಿಟ್ಟು ಎರಡು ದಿನವಾಗಿತ್ತು, ಪ್ಲಿಮತ್ ಸೇರಲು ಇನ್ನೊಂದು ವಾರ. ಅವನ ಹನ್ನೆರಡು ವರ್ಷದ ನೌಕರಿ ಆ ವಾರಕ್ಕೆ ಮುಗಿಯುವುದಿತ್ತು. ಸಾಲ್ಟ್ಯಾಷ್‌ನಲ್ಲಿ ಎರಡು ದಡಕ್ಕೂ ಬಿಗಿದ ಸರಪಳಿ ಹಿಡಿದು ಹೊಳೆ ದಾಟಿಸುವ ದೋಣಿಯಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ ಸಿಕ್ಕಿದ್ದನ್ನು ಹಡಗಿನ ಬೆಕ್ಕಿಗೂ ಹೇಳಿ ಮುಗಿಸಿದ್ದ. ನಮ್ಮ ಜೊತೆಗಾರ ರಂಡಲ್, ಅದೇ ಕೆಂಪು ಗಡ್ಡದವನು, ನಿಮ್ಮ ಮದುವೆಯಲ್ಲಿ ಅಕಾರ್ಡಿಯನ್ ಬಾರಿಸಿದವನು, ಅವನನ್ನು ಬಿಡದೆ ರೇಗಿಸುತ್ತಿದ್ದ. "ಯುದ್ಧನೌಕೆ ಓಡ್ಸಿದೋನು ಸರಪಳಿ ಕಟ್ಟಿದ ದೋಣಿ ಓಡಿಸ್ತೀಯೇನೋ! ದಾರಿ ತಪ್ಪೋಕಾದ್ರೂ ಆಗುತ್ತೇನೋ ಅದ್ರಲ್ಲಿ?"

"ತಪ್ಪೋದು ಯಾಕ್ ಬೇಕಪ್ಪ? ಸಾಯಂಕಾಲ ಆದ್ರೆ ಹೆಂಡ್ತಿ ಒಲೆ ಮುಂದೆ ಇರ್ತೀನಿ. ನೀನು ಇಲ್ಲೇ ಬಿದ್ದಿರು" ಎಂದ ರೂಬೆನ್.

ನಮಗೆ ದಿನಾ ಮಧ್ಯಾಹ್ನ ರಮ್ ಕೊಡುತ್ತಾರೆಂದು ನೀನು ಬಲ್ಲೆ. ಚಿಕ್ಕವರಿಗೆ ನೀರು ಬೆರೆಸಿ ಕೊಡುತ್ತಾರೆ. ಒಂದೇ ಕಡೆ ಉಂಡು ಮಲಗುವ ನಮ್ಮಂಥ ಹಳಬರ ಮೆಸ್ಸಿಗೆ ನೀರಿಲ್ಲದ್ದು, ಗಂಟಲು ಸುಡುವಂಥದ್ದು. ರೂಬೆನ್ ನಿನಗೆ ಹೇಳಿರಲಾರದ ಒಂದು ಪದ್ಧತಿ ನಮ್ಮಲ್ಲಿದೆ. ಹುಟ್ಟುಹಬ್ಬವಿದ್ದವನಿಗೆ, ನೌಕರಿ ಮುಗಿಸಿ ಹೊರಡುವವನಿಗೆ, ಮೆಸ್ಸಿನ ಪ್ರತಿಯೊಬ್ಬನೂ ತನ್ನ ಪಾಲಿನಿಂದ ಒಂದು ಗುಟುಕು ಕೊಡಬೇಕು. ಬರೀ ತುಟಿ ಒದ್ದೆ ಮಾಡುವಷ್ಟು. ಜಾಸ್ತಿ ಪ್ರೀತಿ ಇದ್ದರೆ ಒಂದು ದೊಡ್ಡ ಗುಟುಕು. ಅವನು ಬೇಡ ಅನ್ನುವಂತಿಲ್ಲ. ಬೇಡ ಅಂದರೆ ಕೊಟ್ಟವನ ಮುಖಕ್ಕೆ ಹೊಡೆದಂತೆ. ಸರ್ಕಾರದ ನಿಯಮದಲ್ಲಿ ಇದು ಅಪರಾಧ. ಆದರೆ ಇದು ನಡೆಯದ ಮೆಸ್ಸು ನೌಕಾಪಡೆಯಲ್ಲಿ ಎಲ್ಲೂ ಇಲ್ಲ.

ನಮ್ಮದು ಇಪ್ಪತ್ತೆರಡು ಜನರ ಮೆಸ್ಸು. ಅದರ ಯಜಮಾನ ನಾನು. ಯಾರು ಎಷ್ಟು ಕುಡಿಯುತ್ತಾರೆ ಎಂದು ನೋಡುವುದು, ಸಾಕು ಎನ್ನುವುದು, ನನ್ನ ಕೆಲಸ.

ಮರುದಿನದಿಂದ ಬಣ್ಣ ಬಳಿಯುವ ಗಡಿಬಿಡಿ ಇದ್ದದ್ದರಿಂದ ಬೀಳ್ಕೊಡುಗೆ ಅವತ್ತೇ ಇರಲಿ ಎಂದು ಗೊತ್ತು ಮಾಡಿದವನೂ ನಾನೇ. ಮಧ್ಯಾಹ್ನ ಎಲ್ಲರಿಗೂ ಬಿಡುವು. ಒಬ್ಬರಾದ ಮೇಲೊಬ್ಬರು ಎದ್ದು ಬಂದರು. ಗುಟುಕು ಯಾರೂ ಕೊಡಲಿಲ್ಲ ಆಲಿವ್, ಎಲ್ಲರೂ ಅರ್ಧರ್ಧ ಕೊಟ್ಟರು. ಅವನನ್ನು ಕಂಡರೆ ಅಷ್ಟು ಇಷ್ಟ. ಆರ್ಕ್ಟಿಕ್‌ನಲ್ಲಿ ಬಾಯ್ಲರ್ ಕೊಳವೆ ಒಡೆದಾಗ ಒಳಗೆ ನುಗ್ಗಿ ಮೂವರನ್ನು ಎಳೆದು ತಂದವನು ಅವನು. ಆ ಮೂವರೂ ಅಲ್ಲೇ ಇದ್ದರು, ತಮ್ಮ ಪಾಲನ್ನು ಪೂರ್ತಿ ಕೊಟ್ಟರು. ಹದಿನಾಲ್ಕನೆಯವನ ಹೊತ್ತಿಗೆ ರೂಬೆನ್ ನಗುತ್ತಲೇ ಕೈ ಅಡ್ಡ ಹಿಡಿದ. "ಸಾಕ್ರಪ್ಪೋ, ದೋಣಿ ಕಾಣೋಕ್ ಮುಂಚೆ ಮುಳುಗಿಸ್ಬಿಡ್ತೀರಾ!" ಎಲ್ಲರೂ ಬಿದ್ದು ಬಿದ್ದು ನಕ್ಕೆವು. ನನ್ನ ಕಡೆ ನೋಡಿದ. ಸಾಕು ಎಂದು ನಾನು ಹೇಳಬೇಕಿತ್ತು. ನಾನು ಹೇಳಿದ್ದು ಬೇರೆ: "ಇನ್ನ ಎಂಟೇ ಜನ ಕಣೋ. ಹನ್ನೆರಡ್ ವರ್ಷ ಜೊತೇಲಿದ್ದೋರಿಗೆ ಅವಮಾನ ಮಾಡ್ತೀಯಾ?"

ಕುಡಿದ. ಕೊನೆಯದು ನನ್ನ ಪಾಲು. ನಾನು ನಿನ್ನಣ್ಣ ಬೇರೆ, ಗುಟುಕು ಕೊಟ್ಟರೆ ಆಗುತ್ತದೆಯೇ? ಪೂರ್ತಿ ಕೊಟ್ಟೆ. ಅದರ ಮೇಲೆ ನಾಲ್ಕು ದಿನದಿಂದ ಕದ್ದು ಕೂಡಿಟ್ಟ ಸೀಸೆಯಿಂದಲೂ ಬಗ್ಗಿಸಿದೆ.

ಒಂದು ಗಂಟೆಯ ಹೊತ್ತಿಗೆ ಅವನನ್ನು ಬೆಂಚಿನ ಮೇಲೆ ಮಲಗಿಸಿದೆವು. ಗೊರಕೆ ಹೊಡೆಯುತ್ತಿದ್ದ. ಜನ ಅವರವರ ಪಾಡಿಗೆ ಮೇಲೆ ಹೋಗಿ ಬಿಸಿಲಿಗೆ ಮಲಗಿದರು. ನಡುವೆ ಯಾರೂ ನೋಡಲಿಲ್ಲ. ನಾಲ್ಕು ಗಂಟೆಗೆ ಚಹಾಕ್ಕೆ ಎಬ್ಬಿಸಲು ಹೋದರೆ ಮೈ ತಣ್ಣಗಾಗಿತ್ತು.

ಆಮೇಲೆ ಮಾಡಿದ್ದನ್ನು ಹೇಳಲು ನಾಲಿಗೆ ಏಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸೀಸೆಯನ್ನು ಸಮುದ್ರಕ್ಕೆ ಎಸೆದೆ. ಅವನ ಮುಖ ತೊಳೆದೆ, ಅಂಗಿ ಬದಲಿಸಿದೆ. ಉಳಿದ ಇಪ್ಪತ್ತು ಜನರನ್ನು ನಿಲ್ಲಿಸಿಕೊಂಡು ಹೇಳಿದೆ: "ಕೇಳ್ರೋ, ಕುಡಿದು ಸತ್ತ ಅಂತಾದ್ರೆ ಅವನ ಹೆಂಡ್ತಿಗೆ ಪಿಂಚಣಿ ಬರಲ್ಲ. ಕೇಪ್‌ಟೌನಿಂದ ಎದೆ ನೋವು ಅಂತಿದ್ದ, ನಾವೆಲ್ಲ ಕೇಳಿದೀವಿ. ಗೊತ್ತಾಯ್ತಾ?" ಎಲ್ಲರೂ ತಲೆಯಾಡಿಸಿದರು. ಹಡಗಿನ ಡಾಕ್ಟರು ಬಂದಾಗ ರಮ್ಮಿನ ವಾಸನೆ ಬಡಿಯದೆ ಇರಲಿಲ್ಲ; ದಿನದ ಪಾಲು ಎಲ್ಲರೂ ಕುಡಿದಿರುತ್ತಾರಲ್ಲ ಸಾರ್ ಎಂದೆ. ಇಪ್ಪತ್ತೊಂದು ಬಾಯಿ ಒಂದೇ ಮಾತು ಹೇಳಿದರೆ ಅವರಾದರೂ ಏನು ಮಾಡಿಯಾರು? ಹೃದಯ ನಿಂತು ಸಾವು ಎಂದು ಬರೆದರು. ಮರುದಿನ ಬೆಳಿಗ್ಗೆ ಎಂಜಿನ್ ನಿಧಾನ ಮಾಡಿ, ಅವನನ್ನು ಬಾವುಟದಡಿಯಿಂದ ನೀರಿಗೆ ಜಾರಿಸಿದೆವು. ಯುದ್ಧ ಮುಗಿದ ಮೇಲೆ ನಮ್ಮ ಹಡಗು ಕಳಕೊಂಡ ಮೊದಲ ಮನುಷ್ಯ.

ಆ ಸುಳ್ಳನ್ನು ನಿನ್ನ ಮನೆ ಬಾಗಿಲಿಗೆ ತಂದು ಕೊಟ್ಟವನೂ ನಾನೇ. ನಿನ್ನ ಕೈ ಹಿಡಿದುಕೊಂಡು, ನರಳಲಿಲ್ಲ, ನಿದ್ದೆಯಲ್ಲೇ ಹೋದ, ಅವನ ಎದೆ ಮೊದಲಿಂದಲೂ ಮೆತ್ತಗಿತ್ತು ಎಂದೆ. ಡೆಂಜಿಲ್ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಆ ಮಾತು ನಿನಗೆ ಸಮಾಧಾನ ತರುತ್ತದೆ ಎಂದುಕೊಂಡಿದ್ದೆ. ಅದು ಹೋಗಿ ಮಗುವಿನ ಎದೆಯ ಮೇಲೆ ಕೂರುತ್ತದೆ ಎಂದು ಕನಸಲ್ಲೂ ಎಣಿಸಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ನಾನು ಡಾಕ್ಟರಲ್ಲ. ಹುಡುಗನಿಗೆ ನಿಜವಾಗಿಯೂ ಏನಾದರೂ ಇದ್ದರೆ ಅವರು ನೋಡಲಿ, ಔಷಧ ಕೊಡಲಿ. ಆದರೆ ಅಪ್ಪನದು ದುರ್ಬಲ ಎದೆ ಎಂದುಕೊಂಡು ಅವನನ್ನು ನೋಡುವುದು ಬೇಡ. ಒಂದನೇ ತಾರೀಖಿನೊಳಗೆ ಈ ಹಾಳೆಗಳನ್ನು ಡಾಕ್ಟರ ಕೈಗೆ ಕೊಡು. ಹೊಸದಾಗಿ ಪರೀಕ್ಷೆ ಮಾಡಿ ಎಂದು ಹಟ ಹಿಡಿ. ನೀನು ಹಟ ಹಿಡಿದರೆ ಹೇಗಿರುತ್ತದೆ ಎಂದು ನನಗೆ ಗೊತ್ತು. ಆರು ವರ್ಷದವಳಿದ್ದಾಗ ನನ್ನ ಕೈಗೆ ಕಚ್ಚಿದ ಗುರುತು ಇನ್ನೂ ಇದೆ. ಪಿಂಚಣಿಗೆ ತೊಂದರೆ ಬಂದರೆ ನನ್ನ ಸಂಬಳವಿದೆ, ನಾನಿರುವ ತನಕ ಅದು ನಿನ್ನದು. ನನ್ನನ್ನು ಜೈಲಿಗೆ ಹಾಕಬೇಕು ಅನ್ನಿಸಿದರೆ ಈ ಕಾಗದವನ್ನು ನೌಕಾಪಡೆಗೇ ಕಳಿಸು. ನಾನು ಬರೆದದ್ದಲ್ಲ ಎನ್ನುವುದಿಲ್ಲ.

ಡೆಂಜಿಲ್‌ಗೆ ಹೇಳು: ನಿಮ್ಮಪ್ಪನ ಎದೆ ಗಟ್ಟಿಯಾಗಿತ್ತು, ನೂರಿಪ್ಪತ್ತು ಮಕ್ಕಳನ್ನು ಹೊತ್ತುಕೊಂಡು ಓಡಿದ ಎಂದು. ಉಳಿದದ್ದನ್ನು ಅವನು ದೊಡ್ಡವನಾದ ಮೇಲೆ ನಾನೇ ಹೇಳುತ್ತೇನೆ, ಹೊಡೆದರೆ ಹೊಡೆಸಿಕೊಳ್ಳುತ್ತೇನೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ನಿನ್ನ ಅಣ್ಣ,
ವಿಲ್ಫ್ರೆಡ್ ಹಾಕಿಂಗ್

ಮರೆತದ್ದು:

ಈ ಹಾಳೆಯನ್ನು ಬೇರೆಯಾಗಿ ಬರೆದಿದ್ದೇನೆ. ಡಾಕ್ಟರಿಗೆ ಬೇಡ, ನಿನಗೆ ಮಾತ್ರ. ಮರೆತದ್ದು ಎಂದು ಮೇಲೆ ಹಾಕಿದೆ, ಅದೂ ಸುಳ್ಳೇ. ಮೇಲಿನದೆಲ್ಲ ಬರೆದು ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ.

ನಡುವೆ ಯಾರೂ ನೋಡಲಿಲ್ಲ ಎಂದು ಬರೆದಿದ್ದೇನೆ. ನೋಡಿದೆವು. ಎರಡೂವರೆಗೆ ರಂಡಲ್ ಕೆಳಗೆ ಬಂದವನು, "ವಿಲ್ಫ್, ಇವನ ತುಟಿ ನೀಲಿ ಆಗಿದೆ ಕಣೋ, ಗೊರಕೆ ಸರಿಯಿಲ್ಲ, ಡಾಕ್ಟರನ್ನ ಕರ್ಕೊಂಡ್ ಬರ್ತೀನಿ" ಎಂದು ಏಣಿಗೆ ಕಾಲಿಟ್ಟ. ನಾನು ಅವನ ತೋಳು ಹಿಡಿದು ಕೆಳಗೆ ಎಳೆದೆ. ಮೆಸ್ಸಿನಲ್ಲಿ ಕದ್ದ ರಮ್ಮಿನ ಸೀಸೆ ಇತ್ತು. ನನ್ನ ಬಡ್ತಿಯ ಕಾಗದ ಆ ವಾರ ಕ್ಯಾಪ್ಟನ್ನರ ಸಹಿಗೆ ಹೋಗಿತ್ತು. ಪಿಂಚಣಿಯ ಮಾತೆಲ್ಲ ನನಗೆ ಹೊಳೆದದ್ದು ಅವನು ಸತ್ತ ಮೇಲೆ. "ಮಲಗಿದ್ರೆ ಇಳಿಯುತ್ತೆ, ಸುಮ್ನಿರು" ಎಂದೆ. ಯಜಮಾನನ ಮಾತು, ರಂಡಲ್ ಸುಮ್ಮನಾದ.

ಡಾಕ್ಟರ ಕೋಣೆ ಎರಡು ಏಣಿ ಮೇಲಿತ್ತು. ರೂಬೆನ್ ಮೂರೂಕಾಲರವರೆಗೆ ಉಸಿರಾಡುತ್ತಿದ್ದ ಆಲಿವ್. ನಾನು ಪಕ್ಕದಲ್ಲೇ ಕೂತು ಅವನ ಉಸಿರು ಎಣಿಸುತ್ತಿದ್ದೆ.